ಬ್ಲಾಕಿನ ಅಂಚಿನ ಕೈ

ರಾಮನಗರದ ಗೂಡಿನ ಮಾರುಕಟ್ಟೆಯ ಹಿಂದಿನ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಚೆಲುವಯ್ಯ ಊರಿನವರ ಲಗ್ನಪತ್ರಿಕೆಗಳನ್ನೆಲ್ಲ ಅಚ್ಚು ಹಾಕಿದವನು. ಹೆಂಡತಿ ಮಾಯಮ್ಮನದೊಂದು ಫೋಟೊ ತೆಗೆಸಲು ಮಾತ್ರ ಅವನಿಂದಾಗಲಿಲ್ಲ. ರೇಷ್ಮೆಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಒಂದು ಬೆಳೆ ಇಳಿಯುವಷ್ಟರಲ್ಲಿ ಅವಳು ಸಾಕುವ ಇನ್ನೊಂದು ಬೆಳೆಗೆ ರೇಷ್ಮೆಹುಳುವಿನ ಮೊಟ್ಟೆ ಮನೆಗೆ ಬರುತ್ತಿತ್ತು. ಸ್ಟುಡಿಯೋಗೆ ಬಾರೆ ಎಂದಾಗಲೆಲ್ಲ ಮಾಯಮ್ಮನ ಉತ್ತರ ಒಂದೇ: “ಹುಳ ಜ್ವರಕ್ಕೆ ಕುಂತವೆ. ಈ ಬೆಳೆ ಮುಗೀಲಿ, ಹೋಗಾನ.” ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಜ್ವರವೆನ್ನುತ್ತಾರೆ. ಆಗ ಮನೆಯೊಡತಿ ಹೊಸ್ತಿಲು ದಾಟಳು. ವಾಸನೆ ಹುಳುವಿಗೆ ಆಗದೆಂದು ಮಾಯಮ್ಮ ಮಲ್ಲಿಗೆ ಮುಡಿಯುವುದನ್ನೂ ಬಿಟ್ಟಿದ್ದಳು. ಮನೆಯಳಿಯನಿಗೂ ಅಷ್ಟು ಉಪಚಾರ ನಡೆದಿರಲಿಲ್ಲ! ಕೊನೆಗೆ ಜ್ವರ ಅವಳಿಗೇ ಬಂತು, ಬಿಡಲಿಲ್ಲ.

ಅವಳಿದ್ದಾಗ ರೇಷ್ಮೆ ಇಲಾಖೆಯ ಸಾಹೇಬರೊಬ್ಬರು ಮನೆಗೆ ಬಂದು, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳುವಿನ ಫೋಟೊ ಹಿಡಿದಿದ್ದರು. ಚಂದ್ರಿಕೆ ಎತ್ತಿ ಹಿಡಿದವಳು ಮಾಯಮ್ಮ. ಈಗ ಸಂಶೋಧನಾ ಪತ್ರಿಕೆಗೆ ಅಚ್ಚು ಹಾಕಿಸಿ ಕಳಿಸಬೇಕಿದ್ದ ಅವರ ಲೇಖನ ಚೆಲುವಯ್ಯನ ಕೈಗೇ ಬಂತು, ಜೊತೆಗೆ ಬೆಂಗಳೂರಿನಲ್ಲಿ ಮಾಡಿಸಿದ ಚಿತ್ರದ ಬ್ಲಾಕು, ಮರದ ತುಂಡಿನ ಮೇಲೆ ಕೂರಿಸಿದ ಸತುವಿನ ಅಚ್ಚು. ಮೂಲ ಫೋಟೊ, ನೆಗೆಟಿವ್ ಎರಡೂ ಅಲ್ಲೇ ಕಳೆದುಹೋಗಿದ್ದವು.

ಮೊದಲ ಪ್ರೂಫಿನಲ್ಲಿ ಗೂಡುಗಳು ಚೆನ್ನಾಗಿ ಮೂಡಿದವು, ಅಂಚಿನಲ್ಲಿ ಬರೀ ಮಸಿ. ಬ್ಲಾಕನ್ನು ಸೀಮೆಎಣ್ಣೆಯಿಂದ ಒರೆಸಿ, ಮಸಿ ತಗ್ಗಿಸಿ ಮತ್ತೆ ಹೊಡೆದ. ಈ ಸಲ ಅಂಚು ಮೂಡಲೇ ಇಲ್ಲ. ಬ್ಲಾಕು ಆ ಮೂಲೆಯಲ್ಲಿ ಒಸಿ ತಗ್ಗಿತ್ತು. ಅಡಿಗೆ ತೆಳು ಕಾಗದದ ಚೂರು ಅಂಟಿಸಿದ, ಮತ್ತೊಂದು ಅಂಟಿಸಿದ. ಹೊಡೆದಂತೆಲ್ಲ ಮೊದಲು ಬೆರಳು ಬಂದವು, ಆಮೇಲೆ ಬಳೆ, ಕೊನೆಗೆ ಮುಂಗೈಯ ಹಚ್ಚೆ. ಚೆಲುವಯ್ಯ ಮೆಷಿನ್ನಿಗೆ ಒರಗಿ ಅತ್ತುಬಿಟ್ಟ. ಆ ಕೈ ತನ್ನ ತಲೆ ಸವರಿದ್ದು ನೆನಪಾಗಿ ಅವನಿಗೆ ತಡೆಯಲಾಗಲಿಲ್ಲ.

ಸಾಹೇಬರು ಬಂದು ಪ್ರೂಫ್ ನೋಡಿದರು. “ಪತ್ರಿಕೆಯವರು ಹೇಳಿದ ಅಗಲಕ್ಕೆ ಇದು ಕೂರಲ್ಲ. ಕೈ ಬೇಡ, ಅಷ್ಟನ್ನು ಕುಯ್ದುಬಿಡು.”

“ಸಾರ್, ಅದು ನಮ್ಮನೆಯೋಳ ಕೈ. ಅವಳ್ದು ಬ್ಯಾರೆ ಫೋಟೊನೇ ಇಲ್ಲ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಮೊದಲೇ ಹೇಳಬಾರದೇನಯ್ಯಾ? ನಾಳೆಯೇ ಕಳಿಸಬೇಕು, ಬೇರೆ ದಾರಿಯಿಲ್ಲ. ಕುಯ್ಯೋ ಮುಂಚೆ ನಿನಗೊಂದು ಹೊಡ್ಕೊ.”

ಚೆಲುವಯ್ಯ ಒಳ್ಳೆಯ ಕಾಗದ ಹುಡುಕಿ ಒಂದು ಪ್ರತಿ ಹೊಡೆದ. ಆಮೇಲೆ ಗರಗಸ ಹಿಡಿದು ಬ್ಲಾಕನ್ನು ತಾನೇ ಕುಯ್ದ, ಬೇರೆಯವರಿಗೆ ಕೊಡಲಿಲ್ಲ.

ಕಟ್ಟು ಹಾಕಿಸಿದ ಚಿತ್ರವನ್ನು ಮನೆಯಲ್ಲಿ ಹುಳುವಿನ ತಟ್ಟೆಗಳ ಎದುರಿನ ಗೋಡೆಗೆ ತೂಗುಹಾಕಿದ. ಮಗಳು ಶಿವಲಿಂಗಮ್ಮ ಅದನ್ನು ನೋಡಿದವಳೇ ಹಿತ್ತಲಿಗೆ ಓಡಿ, ಮಲ್ಲಿಗೆ ಕಟ್ಟಿ ತಂದಳು.

“ಅಪ್ಪಾ, ಅವ್ವಂಗೆ ಹೂ ಹಾಕ್ಲಾ?”

ಚೆಲುವಯ್ಯ ತಟ್ಟೆಗಳತ್ತ ನೋಡಿದ. ಹುಳುಗಳು ತಲೆಯೆತ್ತಿ ಅಲುಗದೆ ಕೂತಿದ್ದವು.

“ಜ್ವರಕ್ಕೆ ಕುಂತವೆ ಕಣವ್ವಾ,” ಎಂದ. “ಈ ಬೆಳೆ ಮುಗೀಲಿ, ಹಾಕಾನ.”