ಮೂರು ಬೆರಳು ಮದ್ದು

ಮುಳಬಾಗಿಲಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ನಾನು ಹನ್ನೆರಡು ವರ್ಷದಿಂದ ಮದ್ದು ಕೊಡುತ್ತಿದ್ದೇನೆ. ಕನ್ನಡದವರು ಬಂದರೆ ಮದ್ದು, ಗಡಿ ಕಡೆಯವರು ಬಂದರೆ ತೆಲುಗಿನ ಮಂದು. ಕೆಮ್ಮಿಗೆ ಕುಡಿಯುವುದೂ ಮಂದು, ಟೊಮೇಟೊ ಗಿಡಕ್ಕೆ ಹೊಡೆಯುವುದೂ ಮಂದು, ವೈನ್‌ಶಾಪಿನಲ್ಲಿ ಸಿಗುವುದೂ ಮಂದು, ಬಂದೂಕಿಗೆ ತುಂಬುವುದೂ ಮಂದು. ಎಂಥ ಜಿಪುಣರಪ್ಪಾ ನಾವು, ಇಷ್ಟು ಸಾಮಾನಿಗೆ ಒಂದೇ ಹೆಸರು ಇಟ್ಟುಕೊಂಡಿದ್ದೇವೆ ಎಂದು ಗಿರಾಕಿಗಳ ಹತ್ತಿರ ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ನಮ್ಮೂರು ತಾಯಲೂರಿನ ಕಡೆ. ಅಪ್ಪನ ಹತ್ತಿರ ತಾತನ ಕಾಲದ ಒಂದು ಬಂದೂಕಿದೆ. ಇದೆ ಎನ್ನಬಾರದು, ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಮೇಲೆ ಸೀಸದ ಚರೆ ಹಾಕಿ, ಗಜ ಎಂಬ ಕಬ್ಬಿಣದ ಕಡ್ಡಿಯಿಂದ ಜಡಿಯುವಂಥದ್ದು. ಬೆಳೆ ಕಾಯಲೆಂದು ಲೈಸೆನ್ಸು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದ ಅಪ್ಪ, ಮುಗಿದ ಮೇಲೆ ಆಸ್ಪತ್ರೆಯಿಂದ ಬಾಣಂತಿಯನ್ನು ಕರೆತಂದಷ್ಟು ಜೋಪಾನವಾಗಿ ಮನೆಗೆ ತರುತ್ತಿದ್ದ. ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಹೊಡೆಯುತ್ತಿದ್ದ, ಅಷ್ಟೇ. ಅಳತೆ ಮಾತ್ರ ತಾತ ಹೇಳಿಕೊಟ್ಟದ್ದು: ನಾಲ್ಕು ಬೆರಳು ಮದ್ದು. ಮದ್ದು ತುಂಬಿದ ನಳಿಗೆಗೆ ಬಿಟ್ಟ ಗಜ, ಖಾಲಿ ನಳಿಗೆಗೆ ಬಿಟ್ಟಾಗಿನದಕ್ಕಿಂತ ಹೊರಗೆ ನಾಲ್ಕು ಬೆರಳು ಹೆಚ್ಚು ಕಂಡರೆ ಸರಿ.

ಒಂದು ವರ್ಷ ಪೇಟೆಯಲ್ಲಿ ಕರಿಮದ್ದು ಮಾರುತ್ತಿದ್ದ ಅಂಗಡಿ ಬಾಗಿಲು ಹಾಕಿತು. ಅಪ್ಪನ ತಂಗಿಯ ಗಂಡ, ನಾವು ಮಾವ ಎನ್ನುವವರು, ಮಿಲಿಟರಿಯಿಂದ ರಿಟೈರಾಗಿ ಕ್ಯಾಲನೂರಿನಲ್ಲಿ ಹಸು ಕಟ್ಟಿಕೊಂಡಿದ್ದಾರೆ. ಅವರು ಹಸಿರು ಬಣ್ಣದ ತಗಡಿನ ಡಬ್ಬವೊಂದನ್ನು ತಂದುಕೊಟ್ಟರು. ಎಲ್ಲಿಂದ ಬಂತೆಂದು ಅವರೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಮುಚ್ಚಳ ತೆಗೆದು ನೋಡಿದೆ. ಮುರಿದ ಪೆನ್ಸಿಲ್ ಮೊನೆಯಂಥ ಬೂದು ಚೂರುಗಳು. ರೈಫಲ್ಲಿನ ಮದ್ದಂತೆ.

ಬಂದೂಕಿನ ವಿಷಯ ನನಗೇನು ಗೊತ್ತು? ಆದರೆ ಒಂದೇ ಚಮಚದಷ್ಟು ಎರಡು ಔಷಧಿ ಕೊಟ್ಟರೆ ಒಂದು ಔಷಧಿ ಮಗುವನ್ನು ಉಳಿಸುತ್ತದೆ, ಇನ್ನೊಂದು ಆಸ್ಪತ್ರೆಗೆ ಸೇರಿಸುತ್ತದೆ ಎಂಬುದು ಗೊತ್ತು.

“ಅಪ್ಪ, ಇದು ಬೇರೆ ಮದ್ದು. ನಿನ್ನ ಬೆರಳಿನ ಲೆಕ್ಕ ಇದಕ್ಕೆ ನಡಿಯಲ್ಲ.”

“ಮದ್ದು ಮದ್ದೇ ಕಣೇ. ನೀನು ಗುಳಿಗೆ ಎಣಿಸ್ಕೊಂಡಿರು.”

ಮಾವನಿಗೆ ಫೋನ್ ಮಾಡಿದೆ. “ನಾನು ಹೇಳಿದ್ದೀನಿ ಕಣಮ್ಮಾ. ಕಮ್ಮಿಯಿಂದ ಶುರು ಮಾಡಿ, ನೋಡ್ಕೊಂಡು ನೋಡ್ಕೊಂಡು ಏರಿಸ್ಲಿ ಅಂತ. ಭಯ ಏನಕ್ಕೆ?” ಎಂದರು. ಅವರ ರೈಫಲ್ಲಿಗೆ ಆ ಮಾತು ಸರಿಯಿದ್ದೀತು. ನಮ್ಮದು ಯಾರೋ ಕಮ್ಮಾರ ಬಡಿದ ನಳಿಗೆ. ಆ ವಾರವಿಡೀ ಅಂಗಡಿಯಲ್ಲಿ ಗುಳಿಗೆ ಎಣಿಸುವಾಗ ಅಪ್ಪನ ಮುಖವೇ ಕಣ್ಣೆದುರು. ಬಲಗೆನ್ನೆಯನ್ನು ಬಂದೂಕಿಗೆ ಒತ್ತಿಕೊಂಡು ನಿಲ್ಲುತ್ತಾನಲ್ಲ, ಆ ಕೆನ್ನೆ. ಒಬ್ಬ ಅಜ್ಜಿಗೆ ಶುಗರ್ ಮಾತ್ರೆ ಎರಡು ಸಲ ಕೊಟ್ಟುಬಿಟ್ಟಿದ್ದೆ, ಅವಳೇ ವಾಪಸು ತಂದಳು.

ಭಾನುವಾರ ಬೆಳಿಗ್ಗೆ ಹೊಲಕ್ಕೆ ಹೊರಟ ಅಪ್ಪನ ಹಿಂದೆ ನಾನೂ ಹೋದೆ. ಜಗಳವಾಡಿ, ಅತ್ತು, ಕೊನೆಗೆ ಬಂದೂಕನ್ನು ಹೊಂಗೆಮರದ ಕವಲಿಗೆ ಕಟ್ಟಿಸಿದೆ. ಟ್ರಿಗರಿಗೆ ಉದ್ದದ ದಾರ. ಮೋಟರ್ ಮನೆಯ ಗೋಡೆಯ ಹಿಂದೆ ಇಬ್ಬರೂ ಕೂತೆವು. “ನಿಮ್ಮಮ್ಮನಿಗಿಂತ ಕಡೆ ನೀನು” ಎಂದು ಗೊಣಗುತ್ತಾ ಅಪ್ಪ ದಾರ ಎಳೆದ.

ಒಂದು ಬೆರಳು. ಟಪ್ ಎಂದಿತು, ಒದ್ದೆ ಪಟಾಕಿಯ ಹಾಗೆ. ಅಪ್ಪ ನನ್ನ ಮುಖ ನೋಡಿ ನಕ್ಕ.

ಎರಡು ಬೆರಳು. ಈ ಸಲದ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ ಆ ಬಂದೂಕಿನ ಧಡಾರ್ ಅಲ್ಲ. ಚಟಾರ್ ಎಂದು ಕಿವಿಯೊಳಕ್ಕೇ ಚುಚ್ಚಿತು. ಹೊಗೆ ಇಲ್ಲವೇ ಇಲ್ಲ. ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಅಪ್ಪನಿಗಾದರೋ ಖುಷಿಯೋ ಖುಷಿ. ಎದ್ದು ಹೋಗಿ ನಳಿಗೆಯನ್ನು ತಟ್ಟಿ, ಮೂಸಿ, “ನೋಡೇ, ಮಸಿನೂ ಇಲ್ಲ! ಇಷ್ಟು ವರ್ಷ ಇಂಥ ಮದ್ದು ಎಲ್ಲಿತ್ತು?” ಎಂದ. ಮೂರು ಬೆರಳು ತುಂಬಿ ಜಡಿದ. ಆಮೇಲೆ ಶುರುವಾಯಿತು ವರಾತ. ಕಟ್ಟಿ ಹೊಡೆದರೆ ಏನು ಗೊತ್ತಾಗುತ್ತೆ, ಹೆಗಲಿಗೆ ಎಷ್ಟು ಒದೆಯುತ್ತೋ ನೋಡಬೇಡವಾ, ಯಾರಾದರೂ ಕಂಡರೆ ಏನಂದುಕೊಂಡಾರು, ಮಗಳಿಗೆ ಹೆದರಿಕೊಂಡು ಬಂದೂಕನ್ನ ಮರಕ್ಕೆ ಕಟ್ಟಿದ್ದಾನೆ ಅಂತ.

ಇಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ. ಮುಂದಿನದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ. ಬಿಸಿಲು ಏರಿತ್ತು, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಅತ್ತು ಅತ್ತು ತಲೆ ಸಿಡಿಯುತ್ತಿತ್ತು. ಎರಡು ಸಲ ಏನೂ ಆಗಲಿಲ್ಲವಲ್ಲ, ನಾನೇ ಅತಿ ಮಾಡಿದೆನೇನೋ ಅನ್ನಿಸಿತು. ಗೋಡೆಯ ಹಿಂದಿನಿಂದಲೇ, “ಸರಿ, ಹೋಗ್ಲಿ. ಕೈಯಲ್ಲೇ ಹಿಡ್ಕೊಂಡು ಹೊಡಿ. ಮುಗಿಸ್ಕೊಂಡು ಬಾ ಅತ್ಲಾಗೆ” ಎಂದುಬಿಟ್ಟೆ.

ಅಪ್ಪ ಹಗ್ಗ ಬಿಚ್ಚಲು ಹೋದ. ಎರಡು ಹೊಡೆತದ ಒದೆಗೆ ಗಂಟು ಎಷ್ಟು ಬಿಗಿದುಕೊಂಡಿತ್ತೆಂದರೆ ಉಗುರು ಹೊಗಲಿಲ್ಲ. ಹಲ್ಲಿನಿಂದಲೂ ಎಳೆದು ನೋಡಿದ. ಕುಡುಗೋಲು ಮನೆಯಲ್ಲಿ. ಬೈದುಕೊಳ್ಳುತ್ತಾ ವಾಪಸು ಬಂದು ಗೋಡೆಯ ಹಿಂದೆ ನನ್ನ ಪಕ್ಕದಲ್ಲಿ ಕುಕ್ಕರಿಸಿ ದಾರ ಎಳೆದ.

ಸದ್ದು ನೆನಪಿಲ್ಲ. ಮೋಟರ್ ಮನೆಯ ಶೀಟಿನ ಚೂರುಗಳು ತಲೆಯ ಮೇಲೆ ಉದುರಿದ್ದು ನೆನಪಿದೆ. ಹೋಗಿ ನೋಡಿದರೆ ನಳಿಗೆಯ ಬುಡ ಸೀಳಿಕೊಂಡು ಬಾಯಿ ಬಿಟ್ಟಿತ್ತು. ಬಂದೂಕಿನ ಮರದ ಹಿಡಿ ಇರಲೇ ಇಲ್ಲ. ಹೊಂಗೆಯ ಕವಲಿನಲ್ಲಿ, ಮನುಷ್ಯ ಕೆನ್ನೆ ಒತ್ತುವ ಜಾಗದ ಪಕ್ಕದಲ್ಲೇ, ಅಂಗೈಯಗಲದ ಕಬ್ಬಿಣ ಹೂತುಕೊಂಡಿತ್ತು. ಅಪ್ಪ ಅದನ್ನು ಮುಟ್ಟಿ, ಬಿಸಿಯಿದ್ದದ್ದಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡು, ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಉಳಿದ ಮದ್ದನ್ನೂ ಒಡೆದ ಬಂದೂಕನ್ನೂ ಅಪ್ಪನೇ ಸ್ಟೇಷನ್ನಿಗೆ ಒಪ್ಪಿಸಿ, ಬೈಸಿಕೊಂಡು ಬಂದ. ಈಗ ಮನೆಗೆ ಯಾರು ಬಂದರೂ ಆ ಕಥೆ ಹೇಳುತ್ತಾನೆ. “ನನ್ ಮಗಳು ಹಟ ಹಿಡಿದು ಕಟ್ಟಿಸಿದ್ಲು. ಕೊನೇವರೆಗೂ ಬಿಚ್ಚೋಕೆ ಬಿಡ್ಲಿಲ್ಲ ನೋಡಿ. ಇಲ್ದಿದ್ರೆ ಇವತ್ತು ನಾನೆಲ್ಲಿ?” ಗಂಟಿನ ಮಾತು ಅವನ ಕಥೆಯಲ್ಲಿ ಬರುವುದೇ ಇಲ್ಲ. ಬಂದವರು ನನ್ನ ಕಡೆ ತಿರುಗಿ ಮೆಚ್ಚಿಕೊಳ್ಳುತ್ತಾರೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ನಿಲ್ಲುತ್ತೇನೆ.

ಎರಡನೆಯ ಹೊಡೆತಕ್ಕೆ ಕಿವಿ ಗುಯ್ಗುಟ್ಟಿ, ಕೈಯಲ್ಲೇ ಹಿಡಿದು ಹೊಡಿ ಎಂದು ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಮರೆಮಾಡಿ ನನ್ನನ್ನು ಕಾಯುತ್ತಿದ್ದಾನೋ, ಗೊತ್ತಿಲ್ಲ. ಕೇಳಲು ಭಯ.