ಎರಡು ಚಕ್ರಕ್ಕೂ ಒಂದೇ ಗಾಳಿ

“ಅಮ್ಮಾ, ಗಾಲಿ ಅತ್ತೆ ಖಾಲಿ ಕುರ್ಚೀನ ಯಾಕೆ ತಳ್ತಾರೆ? ಅದರಲ್ಲಿ ಕೂತಿರೋರು ನಮಗೆ ಕಾಣಿಸಲ್ವಾ?”

ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಮಗಳು ಕಂಬಿಗಳ ನಡುವೆ ಮೂಗು ತೂರಿಸಿ ಕೂತಿದ್ದಳು. ಕೆಳಗೆ, ಗೇಟಿನಿಂದ ಶೆಡ್ಡಿನವರೆಗಿನ ಸಿಮೆಂಟು ದಾರಿಯಲ್ಲಿ, ನಮ್ಮ ಮನೆ ಓನರಮ್ಮ ಒಂದು ಗಾಲಿ ಕುರ್ಚಿಯನ್ನು ಮೆಲ್ಲಗೆ ನೂಕಿ ಕೈಬಿಡುತ್ತಿದ್ದರು. ಬೀದಿಗೆಲ್ಲ ಅವರು ಗಾಲಿ ಅತ್ತೆ. ಕುರ್ಚಿ ತನ್ನ ಪಾಡಿಗೆ ಸ್ವಲ್ಪ ದೂರ ಓಡಿ ನಿಲ್ಲುತ್ತಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದು ಯಾವ ಕಡೆಗೆ ವಾಲಿತೆಂದು ನೋಡುವರು, ತಲೆ ಅಲ್ಲಾಡಿಸುವರು, ಮತ್ತೆ ಎಳೆದು ತರುವರು.

“ಕುರ್ಚಿ ನೆಟ್ಟಗೆ ಹೋಗತ್ತಾ ಅಂತ ನೋಡ್ತಿದಾರೆ ಕಣೇ.”

“ಸೊಟ್ಟಗೆ ಹೋದ್ರೆ ಅದಕ್ಕೆ ಬೈತಾರಾ?”

ಕುರ್ಚಿಗೆ ಬೈಯುತ್ತಿರಲಿಲ್ಲ. ಆ ವಾರವೆಲ್ಲ ಅತ್ತೆ ಬೈದದ್ದು ತಮಗೆ ತಾವೇ.

ನಾವು ಈ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ಮಗಳು ಇನ್ನೂ ತಳ್ಳುಗಾಡಿಯಲ್ಲಿದ್ದಳು. ಸಾಮಾನು ಇಳಿಸುವ ಗಲಾಟೆಯಲ್ಲಿ ಅತ್ತೆ ನನ್ನ ಹೆಸರನ್ನೂ ಕೇಳಲಿಲ್ಲ, ಊರನ್ನೂ ಕೇಳಲಿಲ್ಲ. ತಳ್ಳುಗಾಡಿಯ ಮುಂದಿನ ಚಕ್ರವನ್ನು ಹೆಬ್ಬೆರಳಲ್ಲಿ ಒತ್ತಿ, “ಇದನ್ನ ತಳ್ಳಿ ತಳ್ಳಿ ಮಣಿಕಟ್ಟು ನೋಯ್ತಿರಬೇಕಲ್ಲ?” ಎಂದರು. ನೋಯುತ್ತಿತ್ತು. ಹೆರಿಗೆಯಾದ ಮೇಲೆ ಹೀಗೆಲ್ಲ ಆಗುತ್ತದೆಂದು ನಾನು ಸುಮ್ಮನಿದ್ದೆ. ಅವರು ಗಾಡಿಯನ್ನು ಶೆಡ್ಡಿಗೆ ಒಯ್ದು ಗಾಳಿ ತುಂಬಿ ತಂದುಕೊಟ್ಟರು. ಮಾರನೆಯ ವಾರಕ್ಕೆ ಮಣಿಕಟ್ಟಿನ ನೆನಪೇ ಇರಲಿಲ್ಲ.

ಅತ್ತೆ ಮೊದಲು ದೊಡ್ಡ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವರು. ಹೆಚ್ಚಿನ ಕೆಲಸವೆಂದರೆ ರೋಗಿಗಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ತಳ್ಳುವುದು. ಕೆಲವು ಕುರ್ಚಿಗಳು ಗೋಡೆಯ ಕಡೆಗೇ ಎಳೆಯುತ್ತಿದ್ದವಂತೆ. ರೋಗಿಯ ಮೊಣಕೈ ಗೋಡೆಗೆ ತಾಗಿದರೆ ಬೈಗುಳ ಆಯಾಗೆ. ರೋಸಿಹೋಗಿ ಆಂಬುಲೆನ್ಸಿನ ಡ್ರೈವರನ ಹತ್ತಿರ ಸ್ಪ್ಯಾನರ್ ಕೇಳಿ ತಂದರು. ಅವನಿಂದಲೇ ಪಂಕ್ಚರ್ ಹಾಕುವುದನ್ನು ಕಲಿತರು. ಆಮೇಲೆ ಅವನನ್ನೇ ಮದುವೆಯಾದರು.

“ಸ್ಪ್ಯಾನರ್ ವಾಪಸ್ ಕೊಡೋ ಮನಸ್ಸಿರ್ಲಿಲ್ಲ, ಅದಕ್ಕೆ ನನ್ನ ಕಟ್ಕೊಂಡ್ಳು,” ಎನ್ನುತ್ತಾರೆ ಮಾವ. ಅವರೀಗ ಶಾಲೆಯೊಂದರ ವ್ಯಾನ್ ಓಡಿಸುತ್ತಾರೆ.

“ಸ್ಪ್ಯಾನರ್ ಇವತ್ತಿಗೂ ಕೆಲಸ ಮಾಡತ್ತೆ,” ಎನ್ನುತ್ತಾರೆ ಅತ್ತೆ. ಮುಂದಿನದನ್ನು ಹೇಳುವುದಿಲ್ಲ.

ಆಸ್ಪತ್ರೆ ಬಿಟ್ಟ ಮೇಲೆ ಮನೆಯ ಪಕ್ಕದ ಶೆಡ್ಡೇ ಅವರ ಕಾರ್ಖಾನೆ. ಮೊಳೆಗಳಲ್ಲಿ ಟ್ಯೂಬುಗಳು ತೂಗುತ್ತವೆ. ಪಂಕ್ಚರ್ ಹುಡುಕಲು ಮೂಲೆಯಲ್ಲಿ ಮಗುವಿನ ಸ್ನಾನದ ಟಬ್ಬು, ಮೊಣಕಾಲೂರಲು ಹಳೆಯ ಸೋಫಾದ ದಿಂಬು, ಗೋಡೆಯ ತುಂಬ ತೊಡೆಮಟ್ಟಕ್ಕೆ ಟೈರಿನ ಕರಿ ಗೀರುಗಳು. ಬರುವುದು ಗಾಲಿ ಕುರ್ಚಿಗಳು, ತಳ್ಳುಗಾಡಿಗಳು, ಅಪರೂಪಕ್ಕೊಂದು ಹಣ್ಣಿನವನ ಕೈಗಾಡಿ. ಸೈಕಲ್ ತಂದವರನ್ನು ವಾಪಸ್ ಕಳಿಸುತ್ತಾರೆ. “ಸೈಕಲ್ಲಿಗೆ ಬೀದಿಗೊಂದು ಅಂಗಡಿ ಇದೆ. ಕುರ್ಚಿಗೆ ಯಾರಿದಾರೆ?”

ಅವರಲ್ಲಿಗೆ ಮೊಟ್ಟಮೊದಲು ಕುರ್ಚಿ ತಂದವರು ಎರಡು ಬೀದಿ ಆಚೆ ಇರುವ ಟೀಚರ್. ಲೆಕ್ಕ ಹೇಳಿಕೊಡುವವರು. ಚಿಕ್ಕಂದಿನಿಂದ ಕುರ್ಚಿಯಲ್ಲೇ ಓಡಾಟ, ಆದರೆ ಯಾರಿಂದಲೂ ತಳ್ಳಿಸಿಕೊಂಡವರಲ್ಲ. ಶಾಲೆಯ ದಾರಿಯಲ್ಲಿ ಸೇತುವೆಯ ಏರು ಬಂದಾಗ ಯಾರಾದರೂ ಹಿಂದಿನಿಂದ ಕೈ ಹಾಕಿದರೆ, “ಕೈ ತೆಗೀರಿ, ನಾನೇನು ಕೆಟ್ಟು ನಿಂತ ಲಾರಿನಾ?” ಎಂದು ಗದರುತ್ತಿದ್ದರಂತೆ. ಈ ಮಾತನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ! ಪ್ರತಿಸಲ ಸ್ವಂತ ತಂಗಿಯ ಪ್ರತಾಪ ಹೇಳುವ ಧಾಟಿ.

ಆ ಟೀಚರ್‌ಗೆ ಕೆಲವು ತಿಂಗಳಿಂದ ಎಡ ಭುಜದಲ್ಲಿ ನೋವು. ಡಾಕ್ಟರು ಮುಲಾಮು ಕೊಟ್ಟರು, ವಯಸ್ಸಾಯಿತು ಎಂದರು, ಕೈಗೆ ವಿಶ್ರಾಂತಿ ಕೊಡಿ ಎಂದರು. ಕೊನೆಗೆ ಟೀಚರ್ ಸೇತುವೆಯ ಏರಿನಲ್ಲಿ ಶಾಲೆಯ ಜವಾನನ ಕೈಲಿ ತಳ್ಳಿಸಿಕೊಳ್ಳತೊಡಗಿದರು. ಇದನ್ನು ಕೇಳಿದ ದಿನ ಅತ್ತೆ ಮುಖ ಸಪ್ಪಗೆ ಮಾಡಿಕೊಂಡು, “ಅವಳೂ ಸೋತ್ಳಲ್ಲೇ,” ಎಂದಿದ್ದರು.

ಆಮೇಲೆ ಒಂದು ಫೋನ್ ಬಂತು. ಕಾಲಿಡುವ ಹಲಗೆ ಬದಲಿಸಲು ಟೀಚರ್ ಕುರ್ಚಿಯನ್ನು ಪೇಟೆಯ ಅಂಗಡಿಗೆ ಕೊಟ್ಟಿದ್ದರು. ಎಡ ಚಕ್ರದಲ್ಲಿ ಬಲದ್ದರ ಅರ್ಧದಷ್ಟೇ ಗಾಳಿ ಇದೆಯೆಂದು ಅಲ್ಲಿಯವರು ತೋರಿಸಿದರಂತೆ. ಪಂಕ್ಚರ್ ಏನೂ ಇರಲಿಲ್ಲ. ಹಿಂದಿನ ದಿನವಷ್ಟೇ ಗಾಳಿ ತುಂಬಿದವರು ಅತ್ತೆ.

ಟೀಚರ್ ಕೂಗಾಡಲಿಲ್ಲ. “ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ ಅಷ್ಟೆ. ಬೇರೆಯವರ ಕುರ್ಚೀನೂ ಒಂದ್ಸಲ ನೋಡ್ಬಿಡಿ,” ಎಂದು ಫೋನ್ ಇಟ್ಟರು. ಆಮೇಲೆ ಅವರು ಶೆಡ್ಡಿನ ಕಡೆ ಬರಲಿಲ್ಲ.

“ನಾಲ್ಕು ಬೈದಿದ್ರೆ ಚೆನ್ನಾಗಿತ್ತು,” ಅತ್ತೆ ನನ್ನೆದುರು ಮೆಟ್ಟಿಲ ಮೇಲೆ ಕೂತು ಹೇಳಿದರು. “ನಾನೂ ನಾಲ್ಕು ಬೈದು, ಅತ್ತು, ಸರಿಹೋಗ್ತಿತ್ತು. ಇವಳು ಮರ್ಯಾದೆ ಕೊಟ್ಟು ಕೊಂದ್ಳು.”

ತಪ್ಪು ಎಲ್ಲಾಯಿತೆಂದು ಅವರು ಅಂದೇ ಕಂಡುಹಿಡಿದರು. ಕಾಲಲ್ಲಿ ತುಳಿಯುವ ಹಳೆಯ ಪಂಪು. ಅದರ ಮೇಲೊಂದು ಚಿಕ್ಕ ಮೀಟರು. ಅತ್ತೆಯ ರೂಢಿಯೆಂದರೆ ಮೊದಲು ಬಲ ಚಕ್ರ, ಅದೇ ಉಸಿರಿಗೆ ಎಡ ಚಕ್ರ. ಕೊಳವೆಯನ್ನು ಬಿಚ್ಚಿದ ಮೇಲೆ ಮೀಟರಿನ ಮುಳ್ಳು ಸೊನ್ನೆಗೆ ಬೀಳಬೇಕು. ಅದು ಸವೆದು, ಬೀಳದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಡಕ್ಕೆ ಕೊಳವೆ ಸಿಕ್ಕಿಸಿ ನಾಲ್ಕು ಸಲ ತುಳಿದರೆ ಮುಳ್ಳು ಆಗಲೇ ತುಂಬಿದ ಗುರುತಿನಲ್ಲಿರುತ್ತಿತ್ತು. ಹೆಬ್ಬೆರಳಿಗೆ ತಿಳಿಯಲಿಲ್ಲವೇ ಎಂದು ನಾನು ಕೇಳಿದೆ. ನನ್ನ ತಳ್ಳುಗಾಡಿಯಂಥ ಮೆತ್ತನೆಯ ಟೈರಾದರೆ ತಿಳಿಯುತ್ತದಂತೆ. ಟೀಚರ್ ಕುರ್ಚಿಯ ತೆಳು ಟೈರು ಅರ್ಧ ಗಾಳಿಗೇ ಕಲ್ಲಿನಂತಾಗುತ್ತದೆ. ಆಮೇಲೆ ಬೆರಳಿಗೆ ಎಲ್ಲವೂ ಕಲ್ಲೇ.

ಎಡ ಚಕ್ರದಲ್ಲಿ ಗಾಳಿ ಕಮ್ಮಿಯಿದ್ದರೆ ಕುರ್ಚಿ ಎಡಕ್ಕೆ ಎಳೆಯುತ್ತದೆ. ಅದನ್ನು ನೆಟ್ಟಗೆ ಇಡಲು ಎಡಗೈ ಹೆಚ್ಚು ದುಡಿಯುತ್ತದೆ. ತಿಂಗಳುಗಟ್ಟಲೆ ಟೀಚರ್ ಭುಜ ಅದನ್ನೇ ಮಾಡುತ್ತಿತ್ತು. ವಸ್ತು ಸೊಟ್ಟಗಾದರೆ ನಮ್ಮ ಮೈ ಹೇಳದೆ ಕೇಳದೆ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ನೋವು ಶುರುವಾದಾಗ ನಾವು ವಸ್ತುವನ್ನು ಅನುಮಾನಿಸುವುದೇ ಇಲ್ಲ. ಮೈ ಕೈಕೊಟ್ಟಿತು ಎನ್ನುತ್ತೇವೆ, ವಯಸ್ಸು ಎನ್ನುತ್ತೇವೆ. ಮಗಳನ್ನು ಸದಾ ಒಂದೇ ಸೊಂಟದ ಮೇಲೆ ಎತ್ತಿಕೊಳ್ಳುವ ನಾನು ಅಂದು ಅವಳನ್ನು ಇನ್ನೊಂದು ಪಕ್ಕಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. “ಈ ಕಡೆ ಚೆನ್ನಾಗಿಲ್ಲ,” ಎಂದು ಅವಳು ರಾಗ ತೆಗೆದಳು.

ಮಾರನೆಯ ದಿನದಿಂದ ಪಂಪಿನ ಹುಡುಕಾಟ. “ಸುಮ್ನೆ ಒಂದು ಮೀಟರ್ ತಗೊಂಡ್ರೆ ಆಯ್ತಲ್ಲ, ಪಂಪು ಹಳೇದೇ ಇರ್ಲಿ,” ಎಂದರು ಮಾವ.

“ತುಳಿಯೋವಾಗ ಕಣ್ಣು ಆ ಮುಳ್ಳಿನ ಮೇಲೇ ಹೋಗತ್ತೆ ಕಣ್ರೀ. ನೋಡ್ಬಾರ್ದು ಅಂದ್ರೂ ನೋಡತ್ತೆ, ನಂಬಬಾರ್ದು ಅಂದ್ರೂ ನಂಬತ್ತೆ. ಅದು ಈ ಶೆಡ್ಡಲ್ಲಿ ಇರೋ ಹಾಗಿಲ್ಲ.” ಹಳೆಯ ಪಂಪು ಗುಜರಿಗೆ ಹೋಯಿತು.

ಮೊದಲು ಪರೀಕ್ಷೆಗೆ ಬಂದದ್ದು ಮಾವನ ವ್ಯಾನಿನದು, ಗಾಡಿಯ ಸಾಕೆಟ್ಟಿಗೆ ಸಿಕ್ಕಿಸುವ ಪಂಪು. ಶುರುಮಾಡಿದೊಡನೆ ಹಿಟ್ಟಿನ ಗಿರಣಿಯ ಸದ್ದು. ಮಗಳು ಕಿವಿ ಮುಚ್ಚಿಕೊಂಡು ನನ್ನ ಸೀರೆಯೊಳಗೆ ಸೇರಿದಳು. ವ್ಯಾನಿನ ದಪ್ಪ ಟೈರಿಗೆ ಅದು ಸರಿ. ಕುರ್ಚಿಯ ತೆಳು ಟೈರು ಸ್ವಿಚ್ಚು ಹುಡುಕುವಷ್ಟರಲ್ಲಿ ಮಿತಿ ಮೀರಿ ತುಂಬಿಕೊಂಡಿತ್ತು.

“ಕುರ್ಚೀಲಿ ಕೂತ ಅಜ್ಜ ಇದನ್ನ ಕೇಳಿದ್ರೆ ಎದ್ದು ಓಡ್ತಾನೆ,” ಎಂದರು ಅತ್ತೆ.

“ಒಳ್ಳೇದೇ ಆಯ್ತಲ್ಲ, ಆಮೇಲೆ ಕುರ್ಚೀನೇ ಬೇಡ,” ಎಂದರು ಮಾವ.

ಎರಡನೆಯದನ್ನು ಫೋನಿನಲ್ಲಿ ಹುಡುಕಿ ತರಿಸಿದವಳು ನಾನು. ಅಂಗೈಯಲ್ಲಿ ಹಿಡಿಯುವಂಥದ್ದು, ಚಾರ್ಜು ಮಾಡುವಂಥದ್ದು. ಎಷ್ಟು ಬೇಕೆಂದು ಅಂಕಿ ಒತ್ತಿದರೆ ಅಷ್ಟಕ್ಕೆ ತಾನೇ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ನನಗೆ ಅದರ ಮೇಲೆ ಮನಸ್ಸಾಗಿತ್ತು. ಕೂತಲ್ಲೇ ಕೆಲಸ ಮುಗಿಯುತ್ತದೆ, ಅತ್ತೆಯ ಮೊಣಕಾಲಿಗೂ ಆರಾಮ ಎಂದೆಲ್ಲ ಹೇಳಿದೆ. ಅತ್ತೆ ಮೂರನೆಯದಾಗಿ ಪರಿಚಯದ ಸೈಕಲ್ ಅಂಗಡಿಯಿಂದ, ಹಿಡಿಸದಿದ್ದರೆ ವಾಪಸ್ ಕೊಡುವೆನೆಂದು ಹೇಳಿ, ನೆಲದ ಮೇಲೆ ನಿಲ್ಲುವ ಒಂದು ಪಂಪನ್ನು ತಂದಿದ್ದರು. ಉದ್ದನೆಯ ಕೊಳವೆ, ಎರಡು ಕಾಲೂರಲು ಅಗಲವಾದ ಪಾದ, ಬುಡದಲ್ಲಿ ಗೋಡೆ ಗಡಿಯಾರದಂಥ ಮೀಟರು. ನೋಡಲು ಒಡ್ಡೊಡ್ಡು, ಎತ್ತಲು ಭಾರ.

ಆಮೇಲೆ ಅವರು ಮಾಡಿದ ಪರೀಕ್ಷೆ ನನ್ನ ತಲೆಗೆ ಹೊಳೆಯುವಂಥದ್ದಲ್ಲ. ಒಂದೇ ಚಕ್ರ ತೆಗೆದುಕೊಂಡರು. ಗಾಳಿ ತುಂಬುವ ಮಾತೇ ಇಲ್ಲ. ಸುಮ್ಮನೆ ಕೊಳವೆ ಸಿಕ್ಕಿಸಿ ಅಂಕಿ ನೋಡುವುದು, ಬಿಚ್ಚುವುದು, ಮತ್ತೆ ಸಿಕ್ಕಿಸುವುದು. ಬಿಚ್ಚಿದಾಗಲೆಲ್ಲ ಪುಸ್ ಎಂದು ಸ್ವಲ್ಪ ಗಾಳಿ ಹೋಗುತ್ತದೆ.

“ಈಗ ಹೇಳು ಹುಡುಗಿ, ಅಂಕಿ ಏನಾಗ್ಬೇಕು?”

“ಕಮ್ಮಿ ಆಗ್ತಾ ಹೋಗ್ಬೇಕು.”

“ಹಾಂ. ಹೋಗಿದ್ದು ವಾಪಸ್ ಬರಲ್ಲ.”

ನನ್ನ ಚೆಲುವಿನ ಪಂಪು ಅರವತ್ತು ತೋರಿಸಿತು. ಆಮೇಲೆ ಐವತ್ತಾರು. ಆಮೇಲೆ ಅರವತ್ತೊಂದು.

“ಗಾಳಿ ಕಳ್ಕೊಂಡ ಟೈರು ದಪ್ಪ ಆಯ್ತಾ?” ಮಾವ ನಕ್ಕರು. “ನನ್ನ ಹಾಗೆ. ಊಟ ಬಿಟ್ರೂ ಹೊಟ್ಟೆ ಬರತ್ತೆ.”

ನಾನು ಅದನ್ನು ಮತ್ತೆ ಮತ್ತೆ ಸಿಕ್ಕಿಸಿ ನೋಡಿದೆ; ನನ್ನ ಕೈಯ ತಪ್ಪೇನೋ ಎಂದುಕೊಂಡೆ. ಅಂಕಿ ಮೇಲೆ ಕೆಳಗೆ ಕುಣಿಯುತ್ತಲೇ ಇತ್ತು. ಡಬ್ಬಿಗೆ ಹಾಕಿ ವಾಪಸಿನ ಚೀಟಿ ಅಂಟಿಸಿದೆ.

ನಿಲ್ಲುವ ಪಂಪು ಪ್ರತಿಸಲ ಒಂದಿಷ್ಟೇ ಇಳಿಯಿತು, ಮೆಟ್ಟಿಲು ಇಳಿದ ಹಾಗೆ. ಬಿಚ್ಚಿದಾಗ ಮುಳ್ಳು ಟಪ್ಪೆಂದು ಸೊನ್ನೆಗೆ ಬೀಳುತ್ತಿತ್ತು. ಆದರೆ ಮಾವ ಪೆಟ್ರೋಲ್ ಬಂಕಿನಿಂದ ಕೇಳಿ ತಂದ ಒಳ್ಳೆಯ ಮೀಟರಿನ ಪಕ್ಕದಲ್ಲಿಟ್ಟು ನೋಡಿದರೆ, ಇದು ಮೂರು ಹೆಚ್ಚು ತೋರಿಸುತ್ತಿತ್ತು. ತುಂಬಿದ ಟೈರಿಗೂ ಮೂರು ಹೆಚ್ಚು, ಅರ್ಧ ಟೈರಿಗೂ ಮೂರು ಹೆಚ್ಚು.

“ಹಾಗಾದ್ರೆ ಇದೂ ಸುಳ್ಳೇ ಅಲ್ವಾ ಅತ್ತೆ?” ಎಂದೆ.

ಅತ್ತೆ ಮೀಟರಿನ ಗಾಜನ್ನು ಸೆರಗಿನಿಂದ ಒರೆಸಿದರು. “ಸುಳ್ಳೇ. ಆದ್ರೆ ದಿನಾ ಅದೇ ಸುಳ್ಳು. ಅಂಥೋರ ಜೊತೆ ಸಂಸಾರ ಮಾಡ್ಬಹುದು ಕಣೇ. ಐದು ನಿಮಿಷದಲ್ಲಿ ಬರ್ತೀನಿ ಅಂತಾರೆ ಇವ್ರು, ಅರ್ಧ ಗಂಟೆ ಅಂತ ಲೆಕ್ಕ ಹಾಕಿ ಒಲೆ ಹಚ್ತೀನಿ. ಯಾವತ್ತಾದ್ರೂ ತಪ್ಪಿದೆಯಾ?”

“ಯಾವತ್ತೂ ಇಲ್ಲ,” ಎಂದರು ಮಾವ, ಹೊಗಳಿಕೆಯೆಂದುಕೊಂಡು.

“ಒಂದ್ಸಲ ನಿಜ, ಒಂದ್ಸಲ ಸುಳ್ಳು ಹೇಳೋದನ್ನ ಏನ್ಮಾಡ್ಲಿ? ಟೀಚರ್ ಭುಜಕ್ಕೆ ಮೂರು ಹೆಚ್ಚು ಮೂರು ಕಮ್ಮಿ ಗೊತ್ತಾಗಲ್ಲ. ಎಡಕ್ಕೂ ಬಲಕ್ಕೂ ಒಂದೇ ಇರ್ಬೇಕು. ನನಗೆ ಬೇಕಾದ್ದು ಅಷ್ಟೆ.”

ಮಗಳು ಮೇಲೆ ಓಡಿ ನನ್ನ ಕೆಂಪು ನೇಲ್ ಪಾಲಿಶ್ ತಂದಳು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ, ಆ ಮೂರನ್ನೂ ಸೇರಿಸಿ, ಅತ್ತೆ ಗಾಜಿನ ಮೇಲೊಂದು ಚುಕ್ಕೆ ಇಟ್ಟರು. ಮುಳ್ಳು ಸೊನ್ನೆಗೆ ಬಂದು ಕೂರುವ ತನಕ ಎರಡನೆಯ ಚಕ್ರವನ್ನು ಮುಟ್ಟುವುದಿಲ್ಲವೆಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡರು. ಎರಡೇ ದಿನಗಳಲ್ಲಿ ಗುರುತಿನವರ ಕುರ್ಚಿಗಳನ್ನೆಲ್ಲ ತರಿಸಿ, ಹಳೆಯ ಪಂಪಿನ ವಿಷಯ ಮುಚ್ಚಿಡದೆ ಹೇಳಿ, ಗಾಳಿ ಸರಿಮಾಡಿ ಕಳಿಸಿದರು. ಕೆಲವರು ನಕ್ಕರು. ಒಬ್ಬಾಕೆ ಮುಖ ಊದಿಸಿಕೊಂಡು ಹೋದಳು. ಅತ್ತೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು.

ಉಳಿದದ್ದು ಒಂದೇ ಕುರ್ಚಿ.

ಇವತ್ತು ಸಂಜೆ ನಾನು ಕಸದ ಬುಟ್ಟಿ ಹಿಡಿದು ಕೆಳಗಿಳಿದರೆ ಅತ್ತೆ ಗೇಟಿನ ಹತ್ತಿರ ನಿಂತಿದ್ದರು. ತಲೆ ಬಾಚಿ, ಶೆಡ್ಡಿನಲ್ಲಿ ಉಡದ ಸೀರೆ ಉಟ್ಟು, ಪಂಪಿನ ಹಿಡಿಯನ್ನು ಮಗುವಿನ ಕೈ ಹಿಡಿದಂತೆ ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಆಸ್ಪತ್ರೆಯಲ್ಲಿ ಹೆಣ ತಳ್ಳುವಾಗಲೂ ಹೆದರದವರು, ಬೀದಿ ಜಗಳದಲ್ಲಿ ಗಂಡಸರ ಬಾಯಿ ಮುಚ್ಚಿಸುವವರು.

“ಟೀಚರ್ ಮನೆಗಾ ಅತ್ತೆ?”

“ಎರಡು ಸಲ ತಿರುವಿನ ತನಕ ಹೋಗಿ ಬಂದೆ.” ಅವರು ನನ್ನ ಮುಖ ನೋಡಲಿಲ್ಲ. “ಪೇಟೆಯವರು ತುಂಬಿದ ಗಾಳಿ ಇಷ್ಟು ದಿನಕ್ಕೆ ಇಳಿದಿರತ್ತೆ. ಆ ಕುರ್ಚಿ ನೆಟ್ಟಗೆ ಹೋಗ್ಬೇಕು, ಅವಳು ಮತ್ತೆ ತಾನೇ ಆ ಏರು ಹತ್ಬೇಕು. ಆಮೇಲೆ ಅವಳು ಪೇಟೆ ಅಂಗಡಿಗೇ ಹೋಗ್ತೀನಿ ಅಂದ್ರೂ ಹೋಗ್ಲಿ. ಆದ್ರೆ ಮೊದ್ಲು ಬಾಗ್ಲು ತಟ್ಬೇಕಲ್ಲ, ಅದಕ್ಕೆ ನನ್ನ ಕೈ ಏಳ್ತಿಲ್ಲ.”

ನಾನು ಬುಟ್ಟಿಯನ್ನು ಕೆಳಗಿಟ್ಟೆ.

“ಒಂದು ಉಪಕಾರ ಮಾಡ್ತೀಯಾ ಮಗಳೇ? ನನ್ನ ಜೊತೆ ಬಾ. ನೀನೇನೂ ಮಾತಾಡೋದು ಬೇಡ, ಬೆಲ್ ಒತ್ತು ಸಾಕು. ನಿನ್ನ ಮಗೂನೂ ಕರ್ಕೊಂಡು ಬಾ. ಮಗು ಇದ್ರೆ ಯಾರೂ ಬಾಗ್ಲಲ್ಲೇ ನಿಲ್ಸಿ ಕಳ್ಸಲ್ಲ.”