ಗುಡುಗು ನೆಲದೊಳಗಿಂದ ಬಂತು

ಗುಡುಗು ಎಲ್ಲಿಂದ ಬರುತ್ತದೆ? ಮೇಲಿಂದ. ಹೋದ ವಾರದವರೆಗೆ ನಾನೂ ಹಾಗೇ ತಿಳಿದಿದ್ದೆ.

ಕೆಂಭಾವಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ರೇಣುಕಾ ಬಾಣಂತಿ. ಕೂಸು ನೋಡುವ ಆಸೆ. ಮಳೆ ಮಾತ್ರ ನಿಲ್ಲುವ ಲಕ್ಷಣವಿರಲಿಲ್ಲ. (ಬೇಸಿಗೆಯಲ್ಲಿ ಇದೇ ಮಳೆಗಾಗಿ ಕೈ ಮುಗಿದವರು ನಾವು!)

ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದೆ. ಕಾಲಡಿಯಲ್ಲೇ ಲಾರಿ ಹೋದಂತೆ ಗುಡುಗುಡು ಸದ್ದು. ಗೋಡೆಯ ಗೂಡಿನಲ್ಲಿದ್ದ ತಂಬಿಗೆ ಉರುಳಿ ಬಿತ್ತು.

"ತಮ್ಮಾ, ಭೂಮಿ ನಡಗಾಕತ್ತದ! ಕೂಸು ಒಳಗದ!" ಅಕ್ಕ ಕಿರುಚಿದಳು.

ಬಾಣಂತಿ ಕೋಣೆಯ ಬಾಗಿಲು ತೆರೆಯಲಿಲ್ಲ. ಮಳೆಯ ತೇವಕ್ಕೆ ಕಟ್ಟಿಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗೆ ಮಣ್ಣು ಉದುರುವ ಸದ್ದು. ರೇಣುಕಾಳ ಸದ್ದೇ ಇಲ್ಲ. ಮೇಲೆ ಹಾಸುಗಲ್ಲಿನ ಮಾಳಿಗೆ, ಅದರ ಮೇಲೆ ನೀರು ಕುಡಿದ ಮಣ್ಣಿನ ಭಾರ. ಕುಸಿದರೆ? ಭಾವ, ನಾನು ಹೆಗಲು ಕೊಟ್ಟು ಗುದ್ದಿದೆವು. ಮತ್ತೆ ಗುದ್ದಿದೆವು. ಬಾಗಿಲು ಕಿತ್ತು ಬಂತು.

ಅವಳು ಕೂಸಿನ ಮೇಲೆ ಕವುಚಿಕೊಂಡು ಕೂತಿದ್ದಳು. ಬೆನ್ನ ತುಂಬ ಮಣ್ಣು.

"ಕಲ್ಲು ಬಿದ್ರ ನನ್ ಮ್ಯಾಲೆ ಬೀಳ್ಲಿ ಅಂತ ಕುಂತಿದ್ದೆ, ಮಾಮಾ."

ಹೊರಗೆ ಓಡಿದೆವು. ಹೊರಗೇನಿದೆ? ಮಳೆ! ಓಣಿಯವರೆಲ್ಲ ನೆನೆಯುತ್ತ ನಿಂತಿದ್ದರು. ಕೂಸನ್ನು ತಾಡಪತ್ರಿಯಡಿ ಹಿಡಿದರೂ ತುಟಿ ನೀಲಿಯಾಗತೊಡಗಿತು. "ಒಳಗ ಒಯ್ಯೋಣು, ಥಂಡಿ ಹತ್ತತದ" ಎಂದು ಅಕ್ಕ. "ಬ್ಯಾಡವ್ವಾ" ಎಂದು ರೇಣುಕಾ. ಕೊನೆಗೆ ಪಕ್ಕದ ಮನೆಯಾಕೆ ಕರೆದಳು: "ನಮ್ ಎಮ್ಮಿ ಕೊಟ್ಟಗಿಗೆ ಬರ್ರಿ. ಮ್ಯಾಲೆ ತಗಡದ, ಕಲ್ಲಿಲ್ಲ."

ಎಮ್ಮೆಗಳ ಬಿಸಿಯುಸಿರಿನಲ್ಲಿ ಕೂಸು ಮೆಲ್ಲಗೆ ಮಿಸುಕಿತು. ಆಮೇಲೆ ಜೋರಾಗಿ ಅತ್ತಿತು. ಅದನ್ನು ಕೇಳಿ ಭಾವ ಗೋಡೆಗೆ ಮುಖ ಮಾಡಿ ಅತ್ತರು.

ಮರುದಿನ ಭೂವಿಜ್ಞಾನಿಯೊಬ್ಬರು ಬಂದರು. ಜೋರು ಮಳೆಯ ನೀರು ಬಂಡೆಯ ಬಿರುಕಿಗೆ ಇಳಿದಾಗ ಕೆಲವೆಡೆ ಹೀಗೆ ಸಣ್ಣಗೆ ನಡುಗಬಹುದು, ಹಾಗಂತ ಹವಾಮಾನ ನೋಡಿ ಭೂಕಂಪ ಹೇಳಲಾಗದು ಎಂದರು.

"ಮಳಿ ನಿಂತ್ರ ಇದೂ ನಿಲ್ತದೇನ್ರಿ, ಸಾಹೇಬ್ರ?" ರೇಣುಕಾ ಕೇಳಿದಳು.

"ಗ್ಯಾರಂಟಿ ಕೊಡಾಕ ಆಗಂಗಿಲ್ಲಮ್ಮ."

ಪ್ರಾಮಾಣಿಕ ಉತ್ತರ. ಅದೇ ನಮ್ಮನ್ನು ಹೆಚ್ಚು ಹೆದರಿಸಿತು.

ನಾನೀಗ ಯಾದಗಿರಿಗೆ ವಾಪಸ್ ಬಂದಿದ್ದೇನೆ. ಆರ್‌ಸಿಸಿ ಮನೆ. ಆದರೂ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ಎದ್ದು ನಿಲ್ಲುತ್ತೇನೆ. ತಾಯಿ-ಮಗುವನ್ನು ಇಲ್ಲಿಗೇ ಕರೆತರೋಣವೆಂದರೆ, ಹಸಿಗೂಸನ್ನು ಈ ಮಳೆಯಲ್ಲಿ ಪ್ರಯಾಣ ಮಾಡಿಸಲು ಅಕ್ಕ ಒಪ್ಪುತ್ತಿಲ್ಲ. ಇದನ್ನು ಬರೆಯುವಾಗಲೇ ರೇಣುಕಾಳ ಫೋನ್ ಬಂತು:

"ಮಾಮಾ, ಮತ್ತ ಮೋಡ ಕವಿದಾವ. ಕೂಸಿನ್ನ ಒಳಗ ಮಲಗಿಸ್ಲೋ, ಹೊರಗೋ?"

ನೀವಾದರೆ ಏನು ಹೇಳುತ್ತೀರಿ?